ಹೊಸ ಮನೆ ಸಿಗದ ಮಗುವಿಗೆ ಹಳೇ ಮನೆಗೆ ಹೋಗುವ ದಾರಿ ಕೊಡಿ

ಮಾನ್ಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ, ಹಾಗೂ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಅಧ್ಯಕ್ಷರು ಮತ್ತು ಸದಸ್ಯರಿಗೆ,

ನಮಸ್ಕಾರ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನಮ್ಮ ರಾಜ್ಯದಲ್ಲಿ ಹೆತ್ತವರ ಹಕ್ಕು ಕಾನೂನಿನ ಪ್ರಕಾರ ಮುಗಿದುಹೋಗಿ, 'ದತ್ತು ಕೊಡಬಹುದು' ಎಂದು ಘೋಷಣೆಯಾಗಿ, ಆದರೂ ಯಾರೂ ದತ್ತು ತೆಗೆದುಕೊಳ್ಳದೆ ವರ್ಷಗಟ್ಟಲೆ ಉಳಿದುಬಿಟ್ಟ ಮಕ್ಕಳಿದ್ದಾರೆ. ಅಂಥ ಮಗುವಿನ ತಾಯಿಯೋ ತಂದೆಯೋ ಈಗ ಚೇತರಿಸಿಕೊಂಡಿದ್ದರೆ, ಮಗುವಿಗೂ ಅವರ ಹತ್ತಿರ ಹೋಗುವ ಮನಸ್ಸಿದ್ದರೆ, ಅವರನ್ನು ಮತ್ತೆ ಸೇರಿಸಲು ಕಾನೂನಿನಲ್ಲಿ ಒಂದು ದಾರಿ ಮಾಡಿಕೊಡಿ. ಕೇಂದ್ರದ ಕಾಯ್ದೆಗೆ ತಿದ್ದುಪಡಿ ಬೇಕೆಂದು ರಾಜ್ಯದಿಂದ ಬರೆಯಿರಿ. ನಿಮ್ಮ ಕೈಯಲ್ಲೇ ಇರುವುದನ್ನು ಈಗಲೇ ಮಾಡಿ.

ನಾನು ವಕೀಲೆ ಅಲ್ಲ. ಬೆಂಗಳೂರಿನಲ್ಲಿ ಮಕ್ಕಳ ನಿಲಯವೊಂದಕ್ಕೆ ಭಾನುವಾರ ಹೋಗಿ ಲೆಕ್ಕ, ಕನ್ನಡ ಹೇಳಿಕೊಡುತ್ತೇನೆ. ಲೆಕ್ಕದ ಮಧ್ಯೆ ಮಕ್ಕಳು ಬೇರೆ ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ಹೋಗಿ ಕಾಯ್ದೆಯನ್ನೇ ಓದಿದೆ.

2015ರ ಬಾಲ ನ್ಯಾಯ ಕಾಯ್ದೆಯ 35ನೇ ಕಲಂ ಪ್ರಕಾರ, ತಮ್ಮ ಕೈಮೀರಿದ ದೈಹಿಕ, ಮಾನಸಿಕ ಅಥವಾ ಸಾಮಾಜಿಕ ಕಾರಣಕ್ಕೆ ಮಗುವನ್ನು ಸಾಕಲಾಗದ ಹೆತ್ತವರು ಆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು. ಸಮಿತಿಯವರು ವಿಚಾರಿಸುತ್ತಾರೆ, ಸಮಾಲೋಚನೆ ಮಾಡುತ್ತಾರೆ. ಆಮೇಲೆ ಒಪ್ಪಿಸುವ ಪತ್ರಕ್ಕೆ ಸಹಿ ಬೀಳುತ್ತದೆ. ಮನಸ್ಸು ಬದಲಾಯಿಸಲು ಎರಡು ತಿಂಗಳು ಕಾಲಾವಕಾಶ. ಅಷ್ಟರಲ್ಲಿ ಬರಲಿಲ್ಲವೋ, ಮಗುವಿನ ಮೇಲೆ ಇನ್ನು ಅವರ ಹಕ್ಕಿಲ್ಲ. 38ನೇ ಕಲಂ ಕೆಳಗೆ ಸಮಿತಿ ಆ ಮಗುವನ್ನು ದತ್ತು ಮುಕ್ತ, ಅಂದರೆ ಕಾನೂನಿನ ಪ್ರಕಾರ ದತ್ತು ಕೊಡಬಹುದಾದ ಮಗು, ಎಂದು ಘೋಷಿಸುತ್ತದೆ. ನಿಲಯದ ಸಿಬ್ಬಂದಿ ಇದನ್ನು 'ಮಗು ಲೀಗಲಿ ಫ್ರೀ ಆಯ್ತು' ಅನ್ನುತ್ತಾರೆ. ಬಸ್‌ಸ್ಟ್ಯಾಂಡಿನಲ್ಲೋ ಆಸ್ಪತ್ರೆಯಲ್ಲೋ ಬಿಟ್ಟುಹೋದ ಮಗುವಾದರೆ ಹೆತ್ತವರನ್ನು ಹುಡುಕಿಸುತ್ತಾರೆ. ಎರಡು ವರ್ಷದೊಳಗಿನ ಮಗುವಿಗೆ ಎರಡು ತಿಂಗಳಲ್ಲಿ, ಅದಕ್ಕಿಂತ ದೊಡ್ಡ ಮಗುವಿಗೆ ನಾಲ್ಕು ತಿಂಗಳಲ್ಲಿ ಘೋಷಣೆ ಆಗಬೇಕು.

ಹಸುಗೂಸಿನ ವಿಷಯದಲ್ಲಿ ಈ ಅವಸರ ನನಗೆ ಅರ್ಥವಾಗುತ್ತದೆ. ಆರು ತಿಂಗಳ ಕೂಸಿಗೆ ಕಾಯುವ ಪ್ರತಿ ತಿಂಗಳೂ ನಷ್ಟವೇ. ದತ್ತು ಬೇಕೆಂದು ಹೆಸರು ಬರೆಸಿದ ದಂಪತಿಗಳು ಪುಟ್ಟ ಮಗುವಿಗಾಗಿ ವರ್ಷಗಟ್ಟಲೆ ಸರತಿಯಲ್ಲಿದ್ದಾರೆ. ಅಲ್ಲಿ ಕಾನೂನು ಬೇಗ ಮುಗಿಸಿದರೆ ಮಗು ಬೇಗ ಒಂದು ಮನೆ ಸೇರುತ್ತದೆ.

ಆದರೆ ಏಳು ವರ್ಷದ ಹುಡುಗ? ಅಣ್ಣ-ತಂಗಿ ಜೊತೆಯಲ್ಲೇ ಹೋಗಬೇಕೆನ್ನುವ ಮಕ್ಕಳು? ಕಿವಿ ಸರಿಯಾಗಿ ಕೇಳದ, ಕಾಲು ಸ್ವಲ್ಪ ಎಳೆಯುವ ಮಗು? ಅವರನ್ನು ಕೇಳಿಕೊಂಡು ಬರುವವರು ತೀರಾ ಕಡಿಮೆ. ದತ್ತಿಗಾಗಿ ಇರುವ ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ ಫೋಟೊ ಇರುತ್ತದೆ, ವೈದ್ಯಕೀಯ ವರದಿ ಇರುತ್ತದೆ. ಮಗು ದೊಡ್ಡದಾಗುತ್ತಾ ಹೋಗುತ್ತದೆ. ಒಂದು ವರ್ಷ ಕಳೆದಷ್ಟೂ ಅವಕಾಶ ಇನ್ನಷ್ಟು ಕಮ್ಮಿ. ಹಳೇ ಅಪ್ಪ-ಅಮ್ಮ ಕಾನೂನಿನ ಲೆಕ್ಕದಲ್ಲಿ ಹೋದರು, ಹೊಸಬರು ಬರಲಿಲ್ಲ. ಹೊಸ ಮನೆ ಸಿಗಲಿ ಅಂತ ತಾನೇ ಹಳೇ ಸಂಬಂಧವನ್ನು ಮುಗಿಸಿದ್ದು? ಆ ಮನೆ ಸಿಗದಿದ್ದ ಮೇಲೆ ಮುಗಿಸಿದ್ದರಿಂದ ಮಗುವಿಗೆ ಏನು ಸಿಕ್ಕಿತು?

ಈ ಎರಡು ತಿಂಗಳ ಬಗ್ಗೆ ಸ್ವಲ್ಪ ಹೇಳಬೇಕು. ಹೆತ್ತವರು ಮಗುವನ್ನು ಯಾಕೆ ಒಪ್ಪಿಸುತ್ತಾರೆ ಅನ್ನುವುದನ್ನು ನೋಡಿದರೆ ಈ ಗಡುವು ಎಷ್ಟು ಚಿಕ್ಕದು ಅಂತ ಗೊತ್ತಾಗುತ್ತದೆ. ಸಾಮಾನ್ಯ ಟಿಬಿಗೇ ಆರು ತಿಂಗಳು ಮಾತ್ರೆ ನುಂಗಬೇಕು. ಔಷಧಿಗೆ ಬಗ್ಗದ ಟಿಬಿ ಆದರೆ ಅದಕ್ಕಿಂತ ಜಾಸ್ತಿಯೂ ಆಗಬಹುದು. ಕುಡಿತ ಬಿಟ್ಟವರು ಮತ್ತೆ ಜಾರದೆ ನಿಲ್ಲಲು ತಿಂಗಳುಗಳೇ ಬೇಕು, ನಿಮ್ಹಾನ್ಸ್‌ನ ಹೊರರೋಗಿ ವಿಭಾಗದಲ್ಲಿ ಕೂತ ಯಾವ ಮನೆಯವರನ್ನು ಬೇಕಾದರೂ ಕೇಳಿ. ಹೆರಿಗೆ ಆದಮೇಲೆ ಮನಸ್ಸು ಕುಸಿದ ಹೆಣ್ಣುಮಗಳು ಸರಿಹೋಗಲು ಎಷ್ಟು ದಿನ ಅಂತ ಯಾರು ಹೇಳಲು ಸಾಧ್ಯ? ಹೊಡೆಯುವ ಗಂಡನನ್ನು ಬಿಟ್ಟು ಬಂದವಳು ಕೆಲಸ ಹುಡುಕಬೇಕು, ರೂಮು ಹುಡುಕಬೇಕು. ಈ ಊರಿನಲ್ಲಿ ಒಂದು ಶೀಟಿನ ರೂಮಿಗೆ ಅಡ್ವಾನ್ಸ್ ಹೊಂದಿಸೋಕೇ ಎರಡು ತಿಂಗಳು ಸಾಲುವುದಿಲ್ಲ.

ಕೈಮೀರಿದ ಕಾರಣ ಇರಬಹುದು ಅಂತ ಕಾಯ್ದೆಯೇ ಒಪ್ಪಿಕೊಳ್ಳುತ್ತದೆ. ಆ ಕಾರಣ ಅರವತ್ತು ದಿನದಲ್ಲಿ ಕೈಗೆ ಬರಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ.

ನಾನು ಕಂಡ ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಮಗುವಿನ ಗುರುತು ಹೊರಗೆ ಬರಬಾರದು ಎಂದು 74ನೇ ಕಲಂ ಹೇಳುತ್ತದೆ. ಅದು ಸರಿಯಾದ ನಿಯಮ. ಹಾಗಾಗಿ ಹೆಸರು, ನಿಲಯ, ಏರಿಯಾ ಯಾವುದನ್ನೂ ಬರೆಯುವುದಿಲ್ಲ.

ಆಕೆ ರಾಯಚೂರಿನ ಕಡೆಯವರು. ಗಂಡ ಹೆಂಡತಿ ಕಟ್ಟಡ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದವರು. ಗಂಡ ಸೆಂಟ್ರಿಂಗ್ ಮೇಲಿಂದ ಬಿದ್ದು ತೀರಿಕೊಂಡರು. ಆಮೇಲೆ ಆಕೆಗೆ ಔಷಧಿಗೆ ಬಗ್ಗದ ಟಿಬಿ ಬಂತು. ಶೆಡ್ಡಿನಲ್ಲಿ ಅಕ್ಕಪಕ್ಕದವರು ಹೆದರಿ ದೂರವಾದರು. ಏಳು ವರ್ಷದ ಮಗ, ಅವನಿಗೆ ಒಂದು ಕಿವಿ ಮಂದ. ಯಾರೋ ಆಕೆಯನ್ನು ಕರೆದುಕೊಂಡು ಹೋಗಿ ಮಗುವನ್ನು ಸಮಿತಿಗೆ ಒಪ್ಪಿಸುವಂತೆ ಮಾಡಿದರು. ಆ ಹೊತ್ತಿಗೆ ಅದೇ ಸರಿ ಇತ್ತು ಅಂತ ನಾನೂ ಹೇಳುತ್ತೇನೆ. ಮಗುವಿಗೆ ಕಾಯಿಲೆ ತಗಲಲಿಲ್ಲ, ಊಟ ಸಿಕ್ಕಿತು, ಶಾಲೆ ಸಿಕ್ಕಿತು, ಕಿವಿಗೆ ಮೆಷಿನ್ ಸಿಕ್ಕಿತು. ಅರವತ್ತನೇ ದಿನ ಆಕೆ ಆಸ್ಪತ್ರೆಯ ಮಂಚದ ಮೇಲಿದ್ದರು. ಆ ದಿನಕ್ಕೆ ಏನು ಮಹತ್ವ ಅಂತ ಆಕೆಗೆ ನೆನಪಿಸುವವರು ಯಾರೂ ಇರಲಿಲ್ಲ.

ಆಕೆ ಗೇಟಿಗೆ ಬಂದ ದಿನ ನಾನು ಪಾಠ ಮುಗಿಸಿ ಹೊರಗೆ ಬರುತ್ತಿದ್ದೆ. ಸೆಕ್ಯುರಿಟಿಯವರು ಒಳಗೆ ಬಿಡುತ್ತಿರಲಿಲ್ಲ. ಒರಟಾಗಿ ಏನೂ ಮಾತಾಡಲಿಲ್ಲ ಪಾಪ. "ಅಮ್ಮ, ಆರ್ಡರ್ ಇದ್ರೆ ತಗೊಂಡ್ ಬನ್ನಿ, ಸುಮ್ನೆ ಬಂದ್ರೆ ನನ್ನ ಕೆಲಸ ಹೋಗುತ್ತೆ" ಅನ್ನುತ್ತಿದ್ದರು. ಆಕೆ "ಒಂದ್ ಸಲ ಮಾರಿ ನೋಡಿ ಹೋಗ್ತೀನ್ರಿ ಅಣ್ಣಾರ" ಅನ್ನುತ್ತಾ ನಿಂತಿದ್ದರು. ನನ್ನನ್ನು ಕಂಡು, ಇವರು ಯಾರೋ ದೊಡ್ಡವರು ಅಂದುಕೊಂಡರೋ ಏನೋ, ಕೈಯಲ್ಲಿದ್ದ ಪ್ಲಾಸ್ಟಿಕ್ ಕವರ್ ಬಿಚ್ಚಿ ಒಂದೊಂದೇ ಕಾಗದ ತೆಗೆದು ತೋರಿಸಿದರು. ಟಿಬಿ ಚಿಕಿತ್ಸೆ ಮುಗಿದಿದೆ ಅಂತ ಡಾಕ್ಟರ್ ಬರೆದುಕೊಟ್ಟ ಚೀಟಿ. ಗಾರ್ಮೆಂಟ್ಸ್‌ನ ಐಡಿ ಕಾರ್ಡು, ಸಂಬಳದ ಚೀಟಿ. ಮನೆ ಬಾಡಿಗೆ ಕರಾರು. ಎಲ್ಲಕ್ಕಿಂತ ಕೆಳಗೆ, ಮಡಚಿ ಮಡಚಿ ಅಂಚು ಹರಿದ ತಾಯಿ ಕಾರ್ಡ್. ಅದರಲ್ಲಿ ಮಗನಿಗೆ ಹಾಕಿಸಿದ ಒಂದೊಂದು ಚುಚ್ಚುಮದ್ದಿನ ತಾರೀಕೂ ಇತ್ತು. ಒಂದೂ ತಪ್ಪಿಸಿರಲಿಲ್ಲ. "ನಾ ಈಗ ಅರಾಮ ಅದೀನ್ರಿ ಅಕ್ಕಾರ, ನೋಡ್ರಿ ಬೇಕಾರ" ಅಂದರು.

ಕಚೇರಿಯಲ್ಲಿ ವಿಚಾರಿಸಿದೆ. ಅಲ್ಲಿನವರು ಕೆಟ್ಟವರಲ್ಲ. ಕೈಚೆಲ್ಲಿ ಕೂತಿದ್ದರು, ಅಷ್ಟೇ. ಮಗು ದತ್ತು ಮುಕ್ತ ಆಗಿದೆ, ಆಕೆಗೆ ಈಗ ಯಾವ ಹಕ್ಕೂ ಇಲ್ಲ, ಭೇಟಿ ಮಾಡಿಸಲು ನಿಯಮ ಇಲ್ಲ ಅಂದರು. ಈ ಹುಡುಗನನ್ನು ಇದುವರೆಗೆ ಯಾರಾದರೂ ಕೇಳಿಕೊಂಡು ಬಂದಿದ್ದಾರಾ ಅಂದೆ. ಇಲ್ಲ ಅಂದರು.

ಮುಂದಿನ ವಾರದ ಹೊತ್ತಿಗೆ ಅಮ್ಮ ಬಂದಿದ್ದ ಸುದ್ದಿ ಹುಡುಗನಿಗೆ ಹೇಗೋ ಮುಟ್ಟಿತ್ತು. ಭಾಗಾಕಾರ ಮಾಡುತ್ತಿದ್ದವನು ಪೆನ್ಸಿಲ್ ಕೆಳಗಿಟ್ಟು ಕೇಳಿದ: "ಟೀಚರ್, ನನ್ನನ್ನ ಯಾರೂ ತಗೊಂಡಿಲ್ಲ ಅಲ್ವಾ? ಹಂಗಾದ್ರೆ ಅಮ್ಮನ ಹತ್ರ ಯಾಕೆ ಕಳ್ಸಲ್ಲ?"

ಮಾನ್ಯರೇ, ಇದಕ್ಕೆ ನಿಮ್ಮ ಇಲಾಖೆಯ ಉತ್ತರ ಏನು?

ಕಾಯ್ದೆಯಲ್ಲಿ ಹುಡುಕಿದರೆ ಮಗುವಿನ ಪರವಾಗಿ ಒಳ್ಳೆಯ ಮಾತುಗಳು ಬೇಕಾದಷ್ಟಿವೆ. 3ನೇ ಕಲಂನಲ್ಲಿ ಮೂಲ ತತ್ವಗಳಿವೆ. ಸಂಸ್ಥೆಯಲ್ಲಿ ಇಡುವುದು ಕೊನೆಯ ಉಪಾಯ ಆಗಿರಬೇಕು ಎಂದಿದೆ. ಮಗುವಿನ ಹಿತಕ್ಕೆ ವಿರುದ್ಧ ಅಲ್ಲದಿದ್ದರೆ ಆದಷ್ಟು ಬೇಗ ತನ್ನ ಕುಟುಂಬವನ್ನು ಸೇರುವುದು ಪ್ರತಿ ಮಗುವಿನ ಹಕ್ಕು ಎಂದಿದೆ. ಮಗುವಿನ ಮಾತು ಕೇಳಬೇಕು ಎಂದಿದೆ. ಮಗುವನ್ನು ಮತ್ತೆ ಮನೆ ಸೇರಿಸುವುದೇ ಪ್ರತಿ ಮಕ್ಕಳ ನಿಲಯದ, ಪ್ರತಿ ದತ್ತು ಸಂಸ್ಥೆಯ ಮುಖ್ಯ ಗುರಿ ಅಂತ 40ನೇ ಕಲಂ ಹೇಳುತ್ತದೆ. 75ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದು ಮಕ್ಕಳ ಮೇಲಿನ ಕ್ರೌರ್ಯಕ್ಕೆ ಶಿಕ್ಷೆ ಹೇಳುವ ಕಲಂ. ಹೆತ್ತವರು ಕೈಮೀರಿದ ಪರಿಸ್ಥಿತಿಯಲ್ಲಿ ಮಗುವನ್ನು ಬಿಟ್ಟಿದ್ದರೆ, ಅದು ಬೇಕೆಂದು ಮಾಡಿದ್ದಲ್ಲ ಎಂದೇ ಭಾವಿಸಬೇಕು, ಶಿಕ್ಷೆ ಕೂಡದು ಎಂದು ಅಲ್ಲೇ ಬರೆದಿದ್ದಾರೆ. ಬರೆದವರಿಗೆ ಬಡವರ ಕಷ್ಟ ಗೊತ್ತಿತ್ತು.

ಅಂದಮೇಲೆ ಆ ತಾಯಿ ಕಾನೂನಿನ ಕಣ್ಣಲ್ಲಿ ತಪ್ಪಿತಸ್ಥೆ ಅಲ್ಲ. ಜೈಲಿಲ್ಲ, ದಂಡ ಇಲ್ಲ. ಆದರೆ ಮಗನನ್ನು ಜೀವಮಾನವಿಡೀ ಕಳೆದುಕೊಂಡಿದ್ದಾರೆ. ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನೇನಿದೆ?

38ನೇ ಕಲಂ ಪೂರ್ತಿ ಓದಿ ನೋಡಿ. ಘೋಷಣೆ ಹೇಗೆ ಮಾಡಬೇಕು, ಎಷ್ಟು ಸದಸ್ಯರ ಒಪ್ಪಿಗೆ ಬೇಕು, ಯಾರಿಗೆ ತಿಳಿಸಬೇಕು ಎಲ್ಲ ಇದೆ. ಮಾಡಿದ ಘೋಷಣೆಯನ್ನು ಹಿಂದೆ ತೆಗೆದುಕೊಳ್ಳುವ ಬಗ್ಗೆ ಒಂದು ಸಾಲೂ ಇಲ್ಲ. ಮೇಲ್ಮನವಿ ಇದೆಯಲ್ಲ ಅಂತ ಯಾರಾದರೂ ಹೇಳಬಹುದು. ಇದೆ. ಸಮಿತಿಯ ಆದೇಶದ ಮೇಲೆ 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಹೋಗಬಹುದು. ಸರಿಯಾದ ಕಾರಣ ಕೊಟ್ಟರೆ ತಡವನ್ನೂ ಮನ್ನಿಸಬಹುದು. ಹೈಕೋರ್ಟಿಗೂ ಹೋಗಬಹುದು. ಆದರೆ ಮೇಲ್ಮನವಿಯಲ್ಲಿ ಕೇಳುವ ಪ್ರಶ್ನೆ ಬೇರೆ. ಆವತ್ತು ಮಾಡಿದ ಆದೇಶ ಸರಿಯೋ ತಪ್ಪೋ ಅನ್ನುವುದು ಅಲ್ಲಿನ ಪ್ರಶ್ನೆ. ಈ ತಾಯಿಯ ವಿಷಯದಲ್ಲಿ ಆವತ್ತಿನ ಆದೇಶ ಸರಿಯಾಗಿಯೇ ಇತ್ತು. ಬದಲಾಗಿರುವುದು ಇವತ್ತಿನ ಪರಿಸ್ಥಿತಿ. ಅದನ್ನು ಹೇಳಿಕೊಳ್ಳಲು ನಮ್ಮಲ್ಲಿ ಜಾಗವೇ ಇಲ್ಲ. ದಿನಗೂಲಿ ತಪ್ಪಿಸಿಕೊಂಡು ಹೈಕೋರ್ಟಿಗೆ ಹೋಗಿ ಅಂತ ಆಕೆಗೆ ಹೇಳುವುದು ನ್ಯಾಯವೂ ಅಲ್ಲ.

ಬೇರೆ ಕಡೆ ಇಂಥ ದಾರಿ ಮಾಡಿದ್ದಾರೆ. ಅಮೆರಿಕದಲ್ಲಿ 1997ರ ಒಂದು ಕಾನೂನು ಬಂತು. ಮಗು ಹಿಂದಿನ 22 ತಿಂಗಳಲ್ಲಿ 15 ತಿಂಗಳು ಸರ್ಕಾರದ ಪಾಲನೆಯಲ್ಲಿದ್ದರೆ, ಕೆಲವು ವಿನಾಯಿತಿ ಬಿಟ್ಟು, ಹೆತ್ತವರ ಹಕ್ಕು ರದ್ದು ಮಾಡಲು ಅರ್ಜಿ ಹಾಕಲೇಬೇಕು ಅಂತ ಅದು ಹೇಳಿತು. ಮಕ್ಕಳಿಗೆ ಬೇಗ ಹೊಸ ಮನೆ ಸಿಗಲಿ ಅನ್ನುವುದೇ ಅಲ್ಲಿಯೂ ಉದ್ದೇಶ. ಎಷ್ಟೋ ಮಕ್ಕಳಿಗೆ ಸಿಕ್ಕಿತು. ಸಿಗದವರು ಅಪ್ಪ-ಅಮ್ಮ ಬದುಕಿದ್ದೂ ಕಾನೂನಿನ ಲೆಕ್ಕದಲ್ಲಿ ಅನಾಥರಾಗಿ ಉಳಿದರು. ಹಾಗಾಗಿ 2005ರಲ್ಲಿ ಕ್ಯಾಲಿಫೋರ್ನಿಯಾ ಒಂದು ತಿದ್ದುಪಡಿ ತಂದಿತು. ಹಕ್ಕು ರದ್ದಾಗಿ ಮೂರು ವರ್ಷ ಕಳೆದರೂ ದತ್ತು ಆಗದಿದ್ದರೆ, ಹೆತ್ತವರ ಹಕ್ಕನ್ನು ಮರಳಿ ಕೊಡಿ ಅಂತ ಮಗುವೇ ನ್ಯಾಯಾಲಯವನ್ನು ಕೇಳಬಹುದು. 2007ರಲ್ಲಿ ವಾಷಿಂಗ್ಟನ್ ರಾಜ್ಯವೂ ಇಂಥದ್ದೇ ಕಾನೂನು ಮಾಡಿತು. ಅಲ್ಲಿ ಒಂದು ಒಳ್ಳೆಯ ಏರ್ಪಾಡಿದೆ. ನ್ಯಾಯಾಲಯ ಒಪ್ಪಿದರೂ ತಕ್ಷಣ ಪೂರ್ತಿ ಹಕ್ಕು ಕೊಡುವುದಿಲ್ಲ. ಮಗುವನ್ನು ಆರು ತಿಂಗಳು ಹೆತ್ತವರ ಮನೆಯಲ್ಲಿ ಇರಿಸಿ ನೋಡುತ್ತಾರೆ, ಅಧಿಕಾರಿಗಳು ಗಮನ ಇಟ್ಟಿರುತ್ತಾರೆ, ಎಲ್ಲ ಸರಿಹೋದರೆ ಅಂತಿಮ ಆದೇಶ. ಈಗ ಅಲ್ಲಿ ಇನ್ನೂ ಹಲವು ರಾಜ್ಯಗಳಲ್ಲಿ ಇಂಥ ಕಾನೂನಿದೆ. ಇಂಗ್ಲೆಂಡಿನ 2002ರ ದತ್ತು ಕಾಯ್ದೆಯೂ ಒಂದು ಅವಕಾಶ ಇಟ್ಟಿದೆ. ಮಗು ಇನ್ನೂ ಹೊಸ ಕುಟುಂಬದ ಮನೆಗೆ ಹೋಗಿಲ್ಲ, ಹೆತ್ತವರ ಪರಿಸ್ಥಿತಿ ಬದಲಾಗಿದೆ ಎಂದಾದರೆ ದತ್ತಿಗೆ ಕೊಡುವ ಆದೇಶವನ್ನು ರದ್ದು ಮಾಡಿ ಎಂದು ಕೇಳಲು ನ್ಯಾಯಾಲಯದ ಅನುಮತಿ ಪಡೆಯಬಹುದು.

ಅವರದ್ದನ್ನು ಹಾಗೇ ತಂದು ಇಲ್ಲಿ ಅಂಟಿಸಿ ಅನ್ನುತ್ತಿಲ್ಲ. ನಮ್ಮ ಕುಟುಂಬಗಳು ಬೇರೆ, ನಮ್ಮ ಬಡತನ ಬೇರೆ. ಇಂಥದ್ದು ಮಾಡಲು ಬರುತ್ತದೆ, ಮಾಡಿದ್ದಾರೆ ಅಂತ ತೋರಿಸಲು ಹೇಳಿದೆ.

ಇದು ಈಗಲೇ ಆಗಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಒಂದು ನಿರ್ದೇಶನ ಕೊಟ್ಟಿತು. ನಿಲಯಗಳಲ್ಲಿರುವ ಅನಾಥ, ಪರಿತ್ಯಕ್ತ ಮತ್ತು ಒಪ್ಪಿಸಿದ ಮಕ್ಕಳನ್ನು ಎರಡು ತಿಂಗಳಿಗೊಮ್ಮೆ ಗುರುತಿಸಿ ದತ್ತು ಪೋರ್ಟಲ್‌ಗೆ ಸೇರಿಸಬೇಕು ಎಂದಿತು. ಉದ್ದೇಶ ಒಳ್ಳೆಯದೇ. ಎಷ್ಟೋ ಮಕ್ಕಳು ಕಾಗದಪತ್ರ ಆಗದೆ ಸುಮ್ಮನೆ ಕೊಳೆಯುತ್ತಿದ್ದರು. ಈಗ ಹೆತ್ತವರು ನೋಡಲು ಬಾರದ ಮಕ್ಕಳು, ಹೆತ್ತವರು ಸಾಕಲು ಯೋಗ್ಯರಲ್ಲ ಎನಿಸಿದ ಮಕ್ಕಳು, ಇವರ ಕಡೆಗೂ ಇಲಾಖೆಯ ಗಮನ ತಿರುಗಿದೆ. ನೋಡಲು ಯಾಕೆ ಬರಲಿಲ್ಲ ಅನ್ನುವುದನ್ನು ವಿಚಾರಿಸುವ ಅಧಿಕಾರಿಗೆ ಒಂದು ಮಾತು ನೆನಪಿರಲಿ. ಯಾದಗಿರಿಯಿಂದಲೋ ಕಲಬುರಗಿಯಿಂದಲೋ ಬಂದ ಕೂಲಿಯವರು ಒಂದು ಸೈಟಿನಲ್ಲಿ ಕೆಲಸ ಮುಗಿದರೆ ಇನ್ನೊಂದು ಸೈಟಿಗೆ ಹೋಗುತ್ತಾರೆ. ಫೋನ್ ನಂಬರ್ ಬದಲಾಗಿರುತ್ತದೆ. ವರ್ತೂರಿನ ಶೆಡ್ಡಿಗೆ ಕಳಿಸಿದ ನೋಟಿಸ್ ನೆಲಮಂಗಲಕ್ಕೆ ಹೋದವರಿಗೆ ಸಿಗುವುದಿಲ್ಲ. ದತ್ತು ಮುಕ್ತ ಪಟ್ಟಿಗೆ ಬರುವ ದೊಡ್ಡ ಮಕ್ಕಳು ಜಾಸ್ತಿಯಾದರೆ, ದತ್ತು ಆಗದೆ ಉಳಿಯುವವರೂ ಜಾಸ್ತಿಯಾಗುತ್ತಾರೆ. ಒಳಗೆ ಬರುವ ಬಾಗಿಲು ಅಗಲವಾದ ಮೇಲೆ ಹೊರಗೆ ಹೋಗಲು ಕಿರುಬಾಗಿಲಾದರೂ ಬೇಡವೇ?

ದತ್ತು ಪಡೆದ ಅಪ್ಪ-ಅಮ್ಮಂದಿರು ಇದನ್ನು ಓದಿ ಗಾಬರಿಯಾಗಬಹುದು. ಅವರಿಗೆ ಸ್ಪಷ್ಟವಾಗಿ ಹೇಳುತ್ತೇನೆ: ಆಗಿಹೋದ ದತ್ತಿನ ತಂಟೆಗೆ ಯಾರೂ ಹೋಗಬಾರದು. ದತ್ತು ಆದೇಶ ಬಂದ ಮೇಲೆ ಮಗು ಎಲ್ಲ ರೀತಿಯಲ್ಲೂ ಹೊಸ ತಂದೆ-ತಾಯಿಯದ್ದು, ಹಳೇ ಕುಟುಂಬದ ಸಂಬಂಧ ಮುಗಿಯಿತು ಅಂತ 63ನೇ ಕಲಂ ಹೇಳುತ್ತದೆ. ಅದು ಹಾಗೇ ಇರಬೇಕು. ಇನ್ನೂ ಮುಂದೆ ಹೋಗಿ ಹೇಳುತ್ತೇನೆ. ಒಂದು ಮಗುವಿಗೆ ದಂಪತಿ ಗೊತ್ತಾಗಿ, ಮಗು ಅವರ ಮನೆಗೆ ಹೋಗಿದ್ದರೆ, ಆದೇಶ ಬರುವುದು ಬಾಕಿ ಇದ್ದರೂ, ನಾನು ಕೇಳುವ ಈ ದಾರಿ ಅಲ್ಲಿಗೆ ಅನ್ವಯಿಸಬಾರದು. 2021ರಲ್ಲಿ ತಿರುವನಂತಪುರದಲ್ಲಿ ಏನಾಯಿತು ನೆನಪಿದೆಯಾ? ತನ್ನ ಒಪ್ಪಿಗೆ ಇಲ್ಲದೆ ತನ್ನ ಮನೆಯವರೇ ಮಗುವನ್ನು ಕೊಟ್ಟುಬಿಟ್ಟರು ಎಂದು ಒಬ್ಬ ಯುವತಿ ಧರಣಿ ಕೂತಳು. ಅಷ್ಟರಲ್ಲಿ ಮಗು ಆಂಧ್ರದ ದಂಪತಿಯ ಮನೆಯಲ್ಲಿ ಬೆಳೆಯುತ್ತಿತ್ತು. ಡಿಎನ್‌ಎ ಪರೀಕ್ಷೆ ಆಯಿತು, ನವೆಂಬರ್‌ನಲ್ಲಿ ಕುಟುಂಬ ನ್ಯಾಯಾಲಯ ಮಗುವನ್ನು ತಾಯಿಗೆ ಕೊಟ್ಟಿತು. ಅದು ನ್ಯಾಯವಾದ ತೀರ್ಪು, ಅಲ್ಲಿ ಪ್ರಶ್ನೆ ಇದ್ದದ್ದು ಒಪ್ಪಿಗೆಯದ್ದೇ. ಆದರೂ ಮಗುವನ್ನು ಎತ್ತಿ ಆಡಿಸಿ ಆಮೇಲೆ ಮರಳಿ ಕೊಟ್ಟ ಆ ದಂಪತಿಯ ಸಂಕಟ ನೆನೆದರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ. ಅಂಥದ್ದು ಇನ್ನೊಬ್ಬರಿಗೆ ಆಗಬಾರದು. ನಾನು ಮಾತಾಡುತ್ತಿರುವುದು ಯಾರ ಮನೆಗೂ ಹೋಗದೆ ನಿಲಯದಲ್ಲೇ ಉಳಿದ ಮಕ್ಕಳ ಬಗ್ಗೆ ಮಾತ್ರ.

ಮಗುವಿಗೆ ಹಿಂಸೆ ಕೊಟ್ಟವರು, ಲೈಂಗಿಕ ದೌರ್ಜನ್ಯ ಮಾಡಿದವರು, ಮಾರಿದವರು, ಭಿಕ್ಷೆಗೆ ಹಾಕಿದವರು? ಅವರಿಗೆ ಈ ದಾರಿ ಬೇಡವೇ ಬೇಡ. ಇದರಲ್ಲಿ ಚರ್ಚೆಯೇ ಇಲ್ಲ. ಇನ್ನು ಕೆಲವು ಮಕ್ಕಳು ಅಮ್ಮನ ಹೆಸರೆತ್ತಿದರೆ ಮುಖ ತಿರುಗಿಸುತ್ತಾರೆ. ಅಂಥ ಮಗುವನ್ನು ಯಾವ ಕಾರಣಕ್ಕೂ ಒತ್ತಾಯ ಮಾಡಬಾರದು. ಮಗು ಬೇಡ ಅಂದರೆ ಅಲ್ಲಿಗೆ ಮುಗಿಯಬೇಕು. ಆಮೇಲೆ ಇನ್ನೊಂದು ಅನುಮಾನ: ಮಗ ದುಡಿಯುವ ವಯಸ್ಸಿಗೆ ಬಂದ ಅಂತ ಕೆಲವರು ಓಡಿ ಬರಬಹುದಲ್ಲ? ಬರಬಹುದು. ಅದಕ್ಕೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಮನೆಗೆ ಹೋಗಿ ನೋಡಬೇಕು, ಶಾಲೆಗೆ ಸೇರಿಸಿದ್ದಾರಾ ಅಂತ ವಿಚಾರಿಸಬೇಕು. ಅದಕ್ಕೇ ಆರು ತಿಂಗಳ ಪರೀಕ್ಷೆಯ ಅವಧಿ ಬೇಕು.

ಮಗುವನ್ನು ಕಳಿಸಿಬಿಟ್ಟರೆ ಸಾಲದು, ದುಡ್ಡಿನ ಮಾತೂ ಆಡಬೇಕು. ಮಕ್ಕಳ ರಕ್ಷಣೆಗೆ ಕೇಂದ್ರ ಮಾಡಿರುವ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ಕಷ್ಟದಲ್ಲಿರುವ ಕುಟುಂಬದ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ನಿಲಯದಿಂದ ಮನೆಗೆ ಮರಳುವ ಮಗುವಿಗೆ ಇದು ದೊಡ್ಡ ಆಸರೆ. ಆದರೆ ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ 72,000, ನಗರದಲ್ಲಿ 96,000 ರೂಪಾಯಿ ಮೀರಬಾರದು ಎಂಬ ಮಿತಿ ಇದೆ. 96,000 ಅಂದರೆ ತಿಂಗಳಿಗೆ 8,000. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕನಿಷ್ಠ ಕೂಲಿಗೆ ದುಡಿಯುವ ಹೆಣ್ಣುಮಗಳೂ ಈ ಮಿತಿ ದಾಟಿಬಿಡುತ್ತಾಳೆ. ಮಗುವನ್ನು ಸಾಕಲು ಕೆಲಸ ಬೇಕು ಅನ್ನುತ್ತೀರಿ. ಕೆಲಸ ಹಿಡಿದರೆ ನೆರವು ಇಲ್ಲ ಅನ್ನುತ್ತೀರಿ. ಈ ಮಿತಿ ಏರಿಸಲು ಕೇಂದ್ರಕ್ಕೆ ಬರೆಯಿರಿ. ಅಲ್ಲಿಯವರೆಗೆ ರಾಜ್ಯದ ಬಜೆಟ್ಟಿನಿಂದಲೇ ಈ ಕೆಲವು ಕುಟುಂಬಗಳಿಗೆ ಕೊಡಿ. ನಿಲಯದಲ್ಲಿ ಆ ಮಗುವಿನ ಊಟ, ಬಟ್ಟೆ, ಸಿಬ್ಬಂದಿ ಅಂತ ಸರ್ಕಾರ ಹೇಗೂ ಖರ್ಚು ಮಾಡುತ್ತಲೇ ಇದೆ.

ಕಾಯ್ದೆಯಲ್ಲಿ ಏನು ಸೇರಿಸಬೇಕು ಅಂತ ನನಗೆ ತೋಚಿದ್ದು ಹೀಗಿದೆ. ದತ್ತು ಮುಕ್ತ ಎಂದು ಘೋಷಣೆಯಾಗಿ ಎರಡು ವರ್ಷ ಕಳೆದ ಮಗು ಯಾರ ಮನೆಗೂ ಹೋಗದೆ ಉಳಿದಿದ್ದರೆ, ಆ ಘೋಷಣೆಯನ್ನು ಮರುಪರಿಶೀಲಿಸುವ ಅಧಿಕಾರ ಮಕ್ಕಳ ಕಲ್ಯಾಣ ಸಮಿತಿಗೆ ಇರಬೇಕು. ಅರ್ಜಿಯನ್ನು ಮಗುವೂ ಕೊಡಬಹುದು, ಹೆತ್ತವರೂ ಕೊಡಬಹುದು, ಯಾರೂ ಕೊಡದಿದ್ದರೂ ಸಮಿತಿ ತಾನಾಗಿ ಕೈಗೆತ್ತಿಕೊಳ್ಳಬಹುದು. ಮಗುವಿನ ಪರವಾಗಿ ಬೇರೆಯೇ ವಕೀಲರಿರಬೇಕು. ಅವರು ಹೆತ್ತವರ ಪರವೂ ಅಲ್ಲ, ನಿಲಯದ ಪರವೂ ಅಲ್ಲ. ಮಗುವನ್ನು ಕೂರಿಸಿಕೊಂಡು ಒಬ್ಬರೇ ಮಾತಾಡಿಸಬೇಕು. ಮೊದಲು ಭೇಟಿ, ಆಮೇಲೆ ಹಬ್ಬಕ್ಕೋ ರಜಕ್ಕೋ ನಾಲ್ಕು ದಿನ ಮನೆಯಲ್ಲಿ ಇದ್ದು ಬರುವುದು, ಆಮೇಲೆ ಆರು ತಿಂಗಳು. ಹೀಗೆ ಹಂತ ಹಂತವಾಗಿ ಆಗಬೇಕು. ದಿಢೀರಂತ ಬಿಟ್ಟುಬಂದರೆ ಮಗುವಿಗೂ ಕಷ್ಟ, ತಾಯಿಗೂ ಕಷ್ಟ. ನಾಲ್ಕು ವರ್ಷ ಗಂಟೆ ಹೊಡೆದಾಗ ಊಟಕ್ಕೆ ಕೂತು ಅಭ್ಯಾಸವಾದ ಹುಡುಗನಿಗೆ ಒಂದೇ ರೂಮಿನ ಮನೆ ಹೊಸದೇ.

ತಿದ್ದುಪಡಿ ದೆಹಲಿಯಲ್ಲಿ ಆಗಬೇಕು, ತಡವಾಗಬಹುದು. ಆದರೆ ಕರ್ನಾಟಕದಲ್ಲಿ ದತ್ತು ಮುಕ್ತರಾಗಿ ಎರಡು ವರ್ಷ ಮೀರಿದರೂ ಉಳಿದಿರುವ ಮಕ್ಕಳು ಎಷ್ಟು ಅಂತ ಪಟ್ಟಿ ಮಾಡಲು ಯಾರ ಅಪ್ಪಣೆಯೂ ಬೇಡ. ಹೆಸರು ಬೇಡ, ಜಿಲ್ಲಾವಾರು ಸಂಖ್ಯೆ ಸಾಕು, ಅದನ್ನು ಜನರ ಮುಂದೆ ಇಡಿ. ಆ ಮಕ್ಕಳ ಹೆತ್ತವರು ಈಗ ಎಲ್ಲಿದ್ದಾರೆ, ಹೇಗಿದ್ದಾರೆ ಅಂತ ಒಮ್ಮೆ ವಿಚಾರಿಸಲು ರಕ್ಷಣಾ ಘಟಕಗಳಿಗೆ ಹೇಳಿ. ಮಗು ಬಯಸಿದರೆ, ಸಮಾಲೋಚಕರು ಜೊತೆಯಲ್ಲಿದ್ದು ಭೇಟಿ ಮಾಡಿಸಲು ಒಂದು ಸುತ್ತೋಲೆ ಹೊರಡಿಸಿ. ಗೇಟಿನಲ್ಲಿ ನಿಂತವರನ್ನು ಸೆಕ್ಯುರಿಟಿಯವರ ಮೇಲೆ ಬಿಡಬೇಡಿ.

ಸಹಿ ಹಾಕಿಸುವ ಜಾಗದಲ್ಲೂ ಕೆಲಸ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗಬೇಕು. ಹಾಗಿರುವಾಗ ಒಪ್ಪಿಸುವ ಪತ್ರಕ್ಕೆ ಸಹಿ ಹಾಕುವ ತಾಯಿಯ ಪಕ್ಕದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಒಬ್ಬ ವಕೀಲರು ಯಾಕೆ ಇರಬಾರದು? ಪತ್ರ ಆಕೆಗೆ ಅರ್ಥವಾಗುವ ಭಾಷೆಯಲ್ಲಿರಲಿ. ಕನ್ನಡವೋ ತೆಲುಗೋ ಉರ್ದುವೋ, ಓದಲು ಬಾರದಿದ್ದರೆ ಓದಿ ಹೇಳಲಿ. ಅರವತ್ತು ದಿನ ಮುಗಿಯುವ ಮೊದಲು ಒಬ್ಬರು ಹೋಗಿ ಆಕೆಯನ್ನು ಖುದ್ದಾಗಿ ಕಾಣಲಿ. ಆಸ್ಪತ್ರೆಯಲ್ಲಿದ್ದರೆ ಆಸ್ಪತ್ರೆಗೇ ಹೋಗಲಿ. ಎಲ್ಲಕ್ಕೂ ಮೊದಲು, ಕಾಯಿಲೆಗೋ ಬಡತನಕ್ಕೋ ಮಗುವನ್ನು ಒಪ್ಪಿಸಲು ಬಂದವರಿಗೆ ಇನ್ನೊಂದು ದಾರಿಯನ್ನೂ ತೋರಿಸಲಿ. ಮಗುವನ್ನು ಸ್ವಲ್ಪ ಕಾಲ ನಿಲಯದಲ್ಲೋ ಪೋಷಕ ಕುಟುಂಬದಲ್ಲೋ ಇಟ್ಟು, ಹಕ್ಕು ಬಿಟ್ಟುಕೊಡದೆ, ಗುಣವಾದ ಮೇಲೆ ಕರೆದುಕೊಂಡು ಹೋಗಬಹುದು ಅಂತ ಎಷ್ಟು ತಾಯಂದಿರಿಗೆ ಯಾರು ಹೇಳಿದ್ದಾರೆ?

ಹದಿನೆಂಟು ತುಂಬಿ ನಿಲಯದಿಂದ ಹೊರಬಿದ್ದ ಹುಡುಗ ಹುಡುಗಿಯರು ಎಲ್ಲಿಗೆ ಹೋಗುತ್ತಾರೆ ಅಂತ ನಿಮ್ಮ ಅಧಿಕಾರಿಗಳನ್ನೇ ಕೇಳಿ. ನಾನು ಬಲ್ಲ ಹಲವರು ಮೊದಲು ಮಾಡಿದ್ದು ಅಮ್ಮನನ್ನು ಹುಡುಕುವ ಕೆಲಸ. ಹಳೇ ವಿಳಾಸ ಹಿಡಿದುಕೊಂಡು ಬಸ್ಸು ಹತ್ತಿದರು. ಕೆಲವರಿಗೆ ಸಿಕ್ಕರು, ಕೆಲವರಿಗೆ ಸಿಗಲಿಲ್ಲ. ಹತ್ತು ವರ್ಷ ಸರ್ಕಾರ ಬೇಡ ಅಂದ ಸಂಬಂಧವನ್ನು ಅವರು ತಾವೇ, ಯಾರ ನೆರವೂ ಇಲ್ಲದೆ, ಮತ್ತೆ ಕಟ್ಟಿಕೊಳ್ಳಲು ಹೊರಟರು. ಅದೇ ಕೆಲಸವನ್ನು ಮಗುವಿಗೆ ಹನ್ನೊಂದು ವರ್ಷ ಇರುವಾಗ, ಇಲಾಖೆಯ ಕಣ್ಗಾವಲಿನಲ್ಲಿ, ಸಮಾಲೋಚಕರ ಜೊತೆ, ತಿಂಗಳಿಗೆ ನಾಲ್ಕು ಸಾವಿರದ ನೆರವಿನೊಂದಿಗೆ ಮಾಡಬಹುದು.

ರಾಯಚೂರಿನ ಆ ತಾಯಿ ಈಗ ಮಕ್ಕಳ ಕಲ್ಯಾಣ ಸಮಿತಿಗೆ ಒಂದು ಅರ್ಜಿ ಕೊಟ್ಟಿದ್ದಾರೆ. ಕಾನೂನು ಸೇವೆಗಳ ಪ್ರಾಧಿಕಾರದಿಂದ ವಕೀಲರೂ ಸಿಕ್ಕಿದ್ದಾರೆ. ಯಾವ ಕಲಂ ಕೆಳಗೆ ಕೊಡಬೇಕು ಅಂತ ಅವರಿಗೂ ಕಷ್ಟವಾಯಿತು. ಕೊನೆಗೆ 3ನೇ ಮತ್ತು 40ನೇ ಕಲಂ ಬರೆದಿದ್ದಾರೆ. ಆ ಅರ್ಜಿಯ ಮೇಲೆ ಸಮಿತಿ ಏನು ತೀರ್ಮಾನ ಮಾಡಬೇಕು ಅಂತ ನಾನು ಹೇಳುವುದಿಲ್ಲ, ಅದು ಅವರ ಕೆಲಸ. ನಿಮ್ಮಿಂದ ನನಗೆ ಬೇಕಿರುವುದು ಎರಡು ವಿಷಯಕ್ಕೆ ಲಿಖಿತ ಉತ್ತರ. ಎರಡು ವರ್ಷ ಮೀರಿದ ಮಕ್ಕಳ ಪಟ್ಟಿಯನ್ನು ಇಲಾಖೆ ಯಾವಾಗ ಕೊಡುತ್ತದೆ? 38ನೇ ಕಲಂನ ತಿದ್ದುಪಡಿಗಾಗಿ ಕೇಂದ್ರಕ್ಕೆ ಯಾವಾಗ ಪತ್ರ ಬರೆಯುತ್ತೀರಿ? ಕರೆದರೆ ನಾನು ಕಚೇರಿಗೆ ಬರುತ್ತೇನೆ. ಭಾನುವಾರ ಒಂದು ಬಿಟ್ಟು ಯಾವ ದಿನವಾದರೂ ಸರಿ.

ಇಂತಿ ತಮ್ಮ ವಿಶ್ವಾಸಿ,
ನಿಲಯದ ಮಕ್ಕಳಿಗೆ ಪಾಠ ಹೇಳಿಕೊಡುವ ಒಬ್ಬ ಟೀಚರ್
ಬೆಂಗಳೂರು